ಕಲ್ಲಿನಲ್ಲಿ ಉಳಿದ ಕಡಲು: ಬಿ. ಪಿ. ರಾಧಾಕೃಷ್ಣರ ವಿದ್ವತ್ತು ಮತ್ತು ಜೀವೋತ್ಪತ್ತಿಯ ಪ್ರಶ್ನೆ

ವಿಜ್ಞಾನಿಯ ಜೀವನಕಾರ್ಯಕ್ಕೆ ಬೆಲೆಗಟ್ಟುವ ಕೆಲಸವು ನಮ್ಮಲ್ಲಿ ಬಹುಮಟ್ಟಿಗೆ ಅಭಿನಂದನೆಯ ಕೆಲಸವಾಗಿಯೇ ಉಳಿದಿದೆ. ಕವಿಯ ಕೃತಿಯನ್ನು ಎದುರಿಗಿಟ್ಟುಕೊಂಡು, ಇಲ್ಲಿ ಇವನು ಗೆದ್ದನು, ಇಲ್ಲಿ ಎಡವಿದನು ಎಂದು ನಿರ್ದಾಕ್ಷಿಣ್ಯವಾಗಿ ಹೇಳಬಲ್ಲ ನಮ್ಮ ವಿಮರ್ಶೆಯು, ವಿಜ್ಞಾನಿಯ ಪ್ರಸ್ತಾಪ ಬಂದೊಡನೆ ಅವನ ಹುದ್ದೆಗಳನ್ನೂ ಪ್ರಶಸ್ತಿಗಳನ್ನೂ ಎಣಿಸಿ, ಕೈಮುಗಿದು ಸುಮ್ಮನಾಗುತ್ತದೆ. ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣರ ವಿಷಯದಲ್ಲಿ ಎಣಿಸುವುದಕ್ಕೆ ಬೇಕಾದಷ್ಟಿದೆ. 1918ರಲ್ಲಿ ಜನಿಸಿ, 1937ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯನ್ನು ಸೇರಿ, ಮುಂದೆ ಅದರ ನಿರ್ದೇಶಕರಾಗಿ, 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪನೆಗೆ ಕಾರಣರಾಗಿ, ಅದರ ಪತ್ರಿಕೆಯ ಸಂಪಾದಕರಾಗಿ, 1991ರಲ್ಲಿ ಪದ್ಮಶ್ರೀ ಪಡೆದು, 2012ರಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರ ಬಾಳಿನ ಪಟ್ಟಿ ಉದ್ದವಾದುದೇ ಸರಿ. ಪ್ರಕೃತ ಲೇಖನದ ಉದ್ದೇಶ ಆ ಪಟ್ಟಿಯನ್ನು ಬೆಳೆಸುವುದಲ್ಲ. ಕಡಲ ತಳದ ಬಿಸಿನೀರ ಬುಗ್ಗೆಗಳಲ್ಲಿ ಜೀವವು ಮೊದಲು ಮೊಳೆಯಿತೇ ಎಂಬ ಪ್ರಶ್ನೆಯು ಸುಮಾರು ಅರ್ಧ ಶತಮಾನದಿಂದ ವಿದ್ವಾಂಸರನ್ನು ಕಾಡುತ್ತಿದೆ. ಆ ಪ್ರಶ್ನೆಗೆ ಕರ್ನಾಟಕದ ಕಲ್ಲುಗಳು ಸಾಕ್ಷಿ ನುಡಿಯಬಲ್ಲವು. ಆ ಕಲ್ಲುಗಳನ್ನು ಬಲ್ಲವರಲ್ಲಿ ರಾಧಾಕೃಷ್ಣರು ಅಗ್ರಗಣ್ಯರು. ಅವರ ವಿದ್ವತ್ತು ಆ ಪ್ರಶ್ನೆಯ ಬಾಗಿಲಿಗೆ ಎಷ್ಟು ಹತ್ತಿರ ಹೋಯಿತು, ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ಮಾತ್ರ ಇಲ್ಲಿ ವಿಚಾರಿಸಬೇಕೆಂದಿದೆ.

ಮೊದಲು ಪ್ರಶ್ನೆಯ ಸ್ವರೂಪವನ್ನು ವಾಚಕರ ಮುಂದಿಡಬೇಕು. 1920ರ ದಶಕದಲ್ಲಿ ಒಪಾರಿನ್ ಮತ್ತು ಹಾಲ್ಡೇನ್ ಬೇರೆಬೇರೆಯಾಗಿ, ಆದಿಸಮುದ್ರದಲ್ಲಿ ಕೂಡಿಬಂದ ಇಂಗಾಲದ ಸಂಯುಕ್ತಗಳಿಂದ ಜೀವ ಹುಟ್ಟಿರಬೇಕೆಂದು ಊಹಿಸಿದರು. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಗಾಜಿನ ಬುರುಡೆಯೊಳಗಿನ ಅನಿಲಗಳಿಗೆ ವಿದ್ಯುತ್ತಿನ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದ ಮೇಲೆ ಈ ಊಹೆಗೆ ಬಲ ಬಂತು. ಮಿಂಚು, ಬಿಸಿಲು, ಸಾರಿನಂಥ ಕಡಲು, ಇಷ್ಟಕ್ಕೆ ಕಥೆ ಮುಗಿದಂತೆ ಪಠ್ಯಪುಸ್ತಕಗಳು ಬರೆದವು. ಮುಗಿಯಲಿಲ್ಲ. 1977ರಲ್ಲಿ ಆಲ್ವಿನ್ ಎಂಬ ಮುಳುಗುನೌಕೆಯು ಗಲಾಪಗೋಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳದಲ್ಲಿ ಬಿಸಿನೀರ ಬುಗ್ಗೆಗಳನ್ನೂ, ಅವುಗಳ ಸುತ್ತ ಬಿಸಿಲಿನ ಬೆಳಕಿಗೆ ಕಾಯದೆ ಬಾಳುತ್ತಿದ್ದ ಜೀವಸಮೂಹವನ್ನೂ ಕಂಡಿತು. ಎರಡು ವರ್ಷಗಳ ತರುವಾಯ ಪೂರ್ವ ಪೆಸಿಫಿಕ್ ಸಾಗರದಿಣ್ಣೆಯ ಮೇಲೆ 350 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ನೀರನ್ನು ಉಗುಳುವ ಕರಿಯ ಚಿಮಣಿಗಳು ಕಾಣಿಸಿದವು. ಕಂಡದ್ದು ಹೊಗೆಯಲ್ಲ, ಕಬ್ಬಿಣ, ತಾಮ್ರ, ಸತುವುಗಳ ಸಲ್ಫೈಡುಗಳು ತಣ್ಣನೆಯ ಕಡಲನ್ನು ತಾಗಿದ ಕೂಡಲೆ ಗಟ್ಟಿಯಾಗಿ ಕಣಕಣವಾಗಿ ಹಾರುತ್ತಿದ್ದುದು. ಎಂದರೆ ಅದಿರು ಹುಟ್ಟುವ ಕ್ರಿಯೆ ಕಣ್ಣಮುಂದೆಯೇ ನಡೆಯುತ್ತಿತ್ತು. ಗಲಾಪಗೋಸಿನಲ್ಲಿ ಮುಳುಗಿದವರಲ್ಲಿ ಒಬ್ಬನಾದ ಕಾರ್ಲಿಸ್, ಬ್ಯಾರೋಸ್ ಮತ್ತು ಹಾಫ್‌ಮನ್ ಇವರೊಡನೆ ಕೂಡಿ 1981ರಲ್ಲಿ, ಇಂಥ ಬುಗ್ಗೆಗಳೇ ಜೀವದ ತವರಾಗಿರಬಹುದೆಂದು ಬರೆದನು.

ಈ ಚರಿತ್ರೆಯಲ್ಲಿ ಪ್ರಸ್ತುತಕ್ಕೆ ಅಗತ್ಯವಾದ ಮತ್ತೊಂದು ಹೆಸರು ಮೈಕೆಲ್ ರಸೆಲ್‌ನದು. ಈತ ಕಡಲಿಗಿಳಿದು ಪ್ರಸಿದ್ಧನಾದವನಲ್ಲ; ಅದಿರನ್ನು ಅರಸುತ್ತಿದ್ದ ಭೂವಿಜ್ಞಾನಿ. ಗ್ಲಾಸ್ಗೋ ನಗರದ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾನಿಲಯದಲ್ಲಿದ್ದಾಗ ಐರ್ಲೆಂಡಿನ ಸಿಲ್ವರ್‌ಮೈನ್ಸ್ ಎಂಬಲ್ಲಿನ ಬೆರೈಟ್ ಗಣಿಯಲ್ಲಿ, ಸುಮಾರು 35 ಕೋಟಿ ವರ್ಷಗಳ ಹಿಂದಿನ ಕಡಲ ತಳದ ಪೈರೈಟಿನ ಸಣ್ಣ ಚಿಮಣಿಗಳನ್ನು ಆತನೂ ಆತನ ಜೊತೆಗಾರರೂ ಗುರುತಿಸಿ 1980ರ ದಶಕದ ಆದಿಯಲ್ಲಿ ಪ್ರಕಟಿಸಿದರು. ಮಗನ ಆಟಿಕೆಯ ರಾಸಾಯನಿಕ ತೋಟದಲ್ಲಿ ಟೊಳ್ಳು ಕೊಳವೆಗಳು ಬೆಳೆಯುವುದನ್ನು ಕಂಡು ಹೊಸ ಹೊಳಹು ಪಡೆದನೆಂದು ಅವನ ಕುರಿತು ಹೇಳುವುದುಂಟು. ಇಂಥ ಪ್ರಸಂಗಗಳು ಓದುಗನಿಗೆ ಹಿಡಿಸುತ್ತವೆ. ನ್ಯೂಟನ್ನನ ಸೇಬಿನಿಂದ ಹಿಡಿದು ಇವಕ್ಕೆ ಕೊನೆಯಿಲ್ಲ. ಆದರೆ ಆಟಿಕೆಯನ್ನು ಕಂಡ ತಂದೆಯರು ಲಕ್ಷ ಮಂದಿ. ಅದನ್ನು ಕಾಣುವ ಮೊದಲೇ ಪೈರೈಟಿನ ಕೊಳವೆಯನ್ನು ಕೈಯಲ್ಲಿ ಹಿಡಿದು ಯೋಚಿಸಿದ್ದವನು ಇವನೊಬ್ಬ. ಅದಿರಿನ ಪರಿಚಯವೇ ಈತನನ್ನು ಜೀವದ ಪ್ರಶ್ನೆಗೆ ಮುಟ್ಟಿಸಿತು. ಕರಿಯ ಚಿಮಣಿಗಳ ಉರಿನೀರಿಗಿಂತ, ಸೌಮ್ಯವಾದ ಕಾವಿನ ಕ್ಷಾರಗುಣದ ಬುಗ್ಗೆಗಳು ಜೀವಕ್ಕೆ ತಕ್ಕುವೆಂದು ಆತ 1980ರ ದಶಕದ ಕೊನೆಯಿಂದ ವಾದಿಸುತ್ತ ಬಂದನು. ಅಂಥ ಬುಗ್ಗೆಗಳ ಒಂದು ಪಟ್ಟಣವೇ 2000ನೆಯ ಇಸವಿಯ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಗೋಚರಿಸಿತು. ಅದರ ಬಿಳಿಯ ಗೋಪುರಗಳಲ್ಲಿ ಅತಿ ಎತ್ತರದ್ದು ಸುಮಾರು 60 ಮೀಟರ್. ನೀರಿನ ಕಾವು ಸಾಮಾನ್ಯವಾಗಿ 40ರಿಂದ 90 ಡಿಗ್ರಿ.

ರಸೆಲ್‌ನ ವಾದದ ತಿರುಳನ್ನು ಬೆಂಗಳೂರಿನ ವಿದ್ಯಾರ್ಥಿಗೆ ವಿವರಿಸಲು ಪೀಣ್ಯದ ಕೈಗಾರಿಕಾ ಪ್ರದೇಶದಷ್ಟು ದೂರ ಹೋದರೆ ಸಾಕು. ಅಲ್ಲಿನ ಲೋಹಲೇಪನದ ಕಾರ್ಖಾನೆಗಳಲ್ಲಿ ಲವಣದ್ರಾವಣದ ತೊಟ್ಟಿಯಿದೆ. ಹೊರಗಿನಿಂದ ತಂದ ವಿದ್ಯುತ್ತು ಅದರೊಳಗೆ ಹರಿದು, ದ್ರಾವಣದಲ್ಲಿದ್ದ ಲೋಹವನ್ನು ವಸ್ತುವಿನ ಮೇಲೆ ಕೂರಿಸುತ್ತದೆ. ತಾನಾಗಿ ಆಗದ ಕ್ರಿಯೆಯನ್ನು ವಿದ್ಯುತ್ತು ಬಲವಂತವಾಗಿ ಆಗಿಸುತ್ತದೆ. ಆದಿಕಾಲದ ಕಡಲ ತಳದಲ್ಲಿ ವಿದ್ಯುತ್ತನ್ನು ತಂದುಕೊಡುವವರಿಲ್ಲ. ಆದರೆ ಅಲ್ಲಿ ಎರಡು ಬಗೆಯ ನೀರಿತ್ತು: ಒಳಗಿನಿಂದ ಬರುವ ಕ್ಷಾರೀಯವಾದ, ಜಲಜನಕ ಬೆರೆತ ಬಿಸಿನೀರು ಒಂದು, ಹೊರಗಿನ, ಇಂಗಾಲಾಮ್ಲ ಕರಗಿ ತುಸು ಹುಳಿಯಾದ ಕಡಲು ಇನ್ನೊಂದು. ಇವೆರಡರ ನಡುವೆ ಕಬ್ಬಿಣದ ಸಲ್ಫೈಡಿನ ತೆಳುವಾದ ಗೋಡೆ. ಈ ಎರಡು ನೀರುಗಳ ವ್ಯತ್ಯಾಸವೇ ಅಲ್ಲಿಯ ವಿದ್ಯುತ್ತು. ಗೋಡೆಯ ಲೋಹವೇ ಕ್ರಿಯೆಯನ್ನು ಚುರುಕುಗೊಳಿಸುವ ಮಧ್ಯವರ್ತಿ. ಜೀವಕೋಶವು ಇಂದಿಗೂ ತನ್ನ ಪೊರೆಯ ಎರಡು ಬದಿಯಲ್ಲಿ ಪ್ರೋಟಾನುಗಳ ಏರುಪೇರನ್ನು ಕಾಪಾಡಿಕೊಂಡೇ ಶಕ್ತಿ ಗಳಿಸುತ್ತದೆಂದು ಪೀಟರ್ ಮಿಚೆಲ್ 1961ರಲ್ಲಿ ಸೂಚಿಸಿದ್ದನ್ನು ನೆನೆದರೆ, ಈ ಸಾಮ್ಯದ ಆಕರ್ಷಣೆ ತಿಳಿಯುತ್ತದೆ. ಸಾಮ್ಯವೇ ಪ್ರಮಾಣವಲ್ಲ, ನಿಜ. ಬುಗ್ಗೆಯ ಕಾವು ಸಾವಯವ ಸಂಯುಕ್ತಗಳನ್ನು ಕಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚೆಂದು ಮಿಲ್ಲರ್ ಮತ್ತು ಬಾಡಾ 1988ರಲ್ಲಿಯೇ ಆಕ್ಷೇಪಿಸಿದರು. ಒಣಗಿ ನೆನೆಯುವ ನೆಲದ ಮೇಲಿನ ಬಿಸಿಬುಗ್ಗೆಗಳೇ ಮೇಲೆನ್ನುವವರು ಇಂದು ಬಲವಾಗಿಯೇ ಇದ್ದಾರೆ. ಮೊಕದ್ದಮೆ ಇತ್ಯರ್ಥವಾಗಿಲ್ಲ, ಇತ್ಯರ್ಥವಾಗದೆ ಇರುವುದರಿಂದಲೇ ಹಳೆಯ ಕಲ್ಲುಗಳ ಸಾಕ್ಷ್ಯಕ್ಕೆ ಬೆಲೆ.

ಈಗ ಕರ್ನಾಟಕಕ್ಕೆ ಬರೋಣ. ಕಡಲ ಬುಗ್ಗೆಯನ್ನು ಹುಡುಕುವ ಮೊದಲು ಕಡಲಿತ್ತೆಂದು ತೋರಿಸಬೇಕಷ್ಟೆ. ನಮ್ಮಲ್ಲಿ ಅದಕ್ಕೇ ದಶಕಗಳು ಹಿಡಿದವು. ಧಾರವಾಡ ಶಿಲಾವರ್ಗವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರೂಸ್ ಫೂಟ್ ಬೇರ್ಪಡಿಸಿ ಹೆಸರಿಟ್ಟನು. 1894ರಲ್ಲಿ ಆರಂಭವಾದ ಮೈಸೂರು ಇಲಾಖೆಯನ್ನು ಆತನ ತರುವಾಯ ನಡೆಸಿದ ಸ್ಮೀತ್, ಈ ಶಿಲೆಗಳೆಲ್ಲವೂ ಬಹುಮಟ್ಟಿಗೆ ಅಗ್ನಿಜನ್ಯವೆಂದು ಹಟ ಹಿಡಿದನು. ಉರುಟುಗಲ್ಲುಗಳು ಹುದುಗಿದ ಶಿಲೆಯನ್ನು ಕಂಡರೂ, ಅದು ಹೊಳೆಯೋ ಕಡಲೋ ಉರುಳಿಸಿದ್ದಲ್ಲ, ಭೂಮಿಯ ಒತ್ತಡದಲ್ಲಿ ಕಲ್ಲೇ ಪುಡಿಯಾಗಿ ದುಂಡಗಾದದ್ದು ಎಂದನು. ಅಧಿಕಾರಿಯ ಮಾತು ಇಲಾಖೆಯಲ್ಲಿ ಶಾಸ್ತ್ರವಾಗುವುದು ಹೊಸದೇನಲ್ಲ. ಅದನ್ನು ಮೆಲ್ಲಮೆಲ್ಲನೆ ಸಡಿಲಿಸಿ, ಮರಳು, ಕೆಸರು, ಸುಣ್ಣದ ಕೆಸರುಗಳಿಂದಾದ ಪದರಗಳು ಇಲ್ಲಿವೆಯೆಂದು ಸ್ಥಾಪಿಸುವ ಕೆಲಸವನ್ನು ಬಿ. ರಾಮರಾವ್ ಮುಂತಾದ ಹಿರಿಯರು ಮಾಡಿದರು. ರಾಧಾಕೃಷ್ಣರು ಇಲಾಖೆ ಸೇರಿದುದು ಈ ಬದಲಾವಣೆಯ ನಡುವಿನಲ್ಲಿ. ಅವರ ಮೊದಲ ದೊಡ್ಡ ಕೃತಿ 1956ರಲ್ಲಿ ಪ್ರಕಟವಾದ ಕ್ಲೋಸ್‌ಪೇಟೆ ಗ್ರಾನೈಟಿನ ವಿವೇಚನೆ. ಈಗಿನ ರಾಮನಗರಕ್ಕೆ ಆಗ ಇದ್ದ ಆ ಹೆಸರು ಈ ಕಲ್ಲಿಗೆ ಅಂಟಿ ಉಳಿದಿದೆ. ಅದು ಬೆಂಕಿಯ ಕಲ್ಲು. ಜೀವದ ಪ್ರಶ್ನೆಗೆ ದೂರ. ಆದರೆ ಆಮೇಲಿನ ವರ್ಷಗಳಲ್ಲಿ ಅವರು ಧಾರವಾಡ ಶಿಲೆಗಳ ಅನುಕ್ರಮವನ್ನು ಪುನಃ ಪರಿಶೀಲಿಸಿ, ನಾಡಿನ ತಳಹದಿಯಾದ ನೈಸ್ ಶಿಲೆಗಿಂತ ಹಳೆಯದಾದ ಪದರಶಿಲೆಯ ತುಣುಕುಗಳನ್ನು, ಅದರ ಮೇಲೆ ಕುಳಿತ ಕಿರಿಯ ಧಾರವಾಡದಿಂದ ಪ್ರತ್ಯೇಕಿಸಬೇಕೆಂಬ ಪಕ್ಷವನ್ನು ಹಿಡಿದರು. 1970ರ ದಶಕದಲ್ಲಿ ಆ ಹಳೆಯ ವರ್ಗಕ್ಕೆ ಸರಗೂರು ಎಂಬ ಹೆಸರು ರೂಢಿಯಾಯಿತು. ಒಂದು ಕಡಲಲ್ಲ, ಎರಡು ಕಾಲದ ಎರಡು ಕಡಲುಗಳ ಶೇಷ ನಮ್ಮಲ್ಲಿ ಇದೆಯೆಂಬ ಅರಿವಿಗೆ ಇದೇ ಬುನಾದಿ.

ಇಲ್ಲಿಯೇ ನಮ್ಮ ವಿಮರ್ಶೆಯ ಕೇಂದ್ರದಲ್ಲಿರುವ ಬರಹ ಬರುತ್ತದೆ. 1974ರಲ್ಲಿ ರಾಧಾಕೃಷ್ಣರು ಸಹಲೇಖಕರೊಬ್ಬರೊಡನೆ, ಕರ್ನಾಟಕದ ಅತಿ ಪ್ರಾಚೀನ ಶಿಲೆಗಳಲ್ಲಿ ಪದರಪದರವಾಗಿರುವ ಬೆರೈಟನ್ನು ಕುರಿತು ಸಂಘದ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಪ್ರಕಟಿಸಿದರು. ಪುಟಗಳು ಎರಡು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯ ಈ ಬೆರೈಟು 300 ಕೋಟಿ ವರ್ಷಗಳಿಗೂ ಹಿಂದಿನದೆಂದು ಎಣಿಸಲ್ಪಟ್ಟಿದೆ. ಬೆರೈಟೆಂದರೆ ಬೇರಿಯಂ ಸಲ್ಫೇಟು. ಬೇರಿಯಂ ಮತ್ತು ಸಲ್ಫೇಟು ಒಂದೇ ನೀರಿನಲ್ಲಿ ಕರಗಿ ಒಟ್ಟಿಗೆ ಇರಲಾರವು. ಭೇಟಿಯಾದ ಕ್ಷಣವೇ ಬಿಳಿಯ ಗಟ್ಟಿಯಾಗಿ ತಳಕ್ಕಿಳಿಯುತ್ತವೆ. ಪ್ರಯೋಗಶಾಲೆಯಲ್ಲಿ ಸಲ್ಫೇಟನ್ನು ಪತ್ತೆಹಚ್ಚಲು ಬೇರಿಯಂ ಕ್ಲೋರೈಡನ್ನು ಹನಿಸಿದ ವಿದ್ಯಾರ್ಥಿಗೆ ಇದನ್ನು ಹೇಳಬೇಕಾದುದಿಲ್ಲ. ಆದಕಾರಣ ಬೆರೈಟಿನ ಪದರವೊಂದು ಇದೆಯೆಂದರೆ, ಬೇರಿಯಂ ಒಂದು ಕಡೆಯಿಂದಲೂ ಸಲ್ಫೇಟು ಇನ್ನೊಂದು ಕಡೆಯಿಂದಲೂ ಬಂದು ಕೂಡಿದ ಜಾಗ ಅದು ಎಂದರ್ಥ. ಬೇರಿಯಂ ಬಿಸಿನೀರಿನೊಡನೆ ಕೆಳಗಿನಿಂದ ಬಂದಿರಬಹುದು; ಸಲ್ಫೇಟು ಕಡಲಿನದಾಗಿರಬಹುದು. ವಾಯುಮಂಡಲದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ವಿರಳವಾಗಿದ್ದ ಕಾಲದಲ್ಲಿ ಆ ಸಲ್ಫೇಟು ಎಲ್ಲಿಂದ ಬಂತು? ಗಂಧಕವನ್ನು ಉಂಡು ಬಾಳುವ ಸೂಕ್ಷ್ಮಜೀವಿಗಳಿಗೆ ಅದರಲ್ಲಿ ಪಾಲಿತ್ತೆ? ಒಂದು ಬಿಳಿಯ ಪದರದ ಹಿಂದೆ ಇಷ್ಟು ಪ್ರಶ್ನೆಗಳು ನಿಂತಿವೆ.

ಸಿಲ್ವರ್‌ಮೈನ್ಸಿನಲ್ಲಿ ರಸೆಲ್ ನೋಡಿದುದೂ ಬೆರೈಟಿನ ಗಣಿಯನ್ನೇ ಎಂಬುದು ಇಲ್ಲಿ ನೆನಪಾಗದೆ ಇರದು. ಬೆರೈಟು ಇಬ್ಬರ ಕೈಗೂ ಸಿಕ್ಕಿತು. ಒಬ್ಬನದು ಜೀವೋತ್ಪತ್ತಿಯ ವಾದವಾಗಿ ಬೆಳೆಯಿತು, ಇನ್ನೊಬ್ಬರದು ಎರಡು ಪುಟದ ವರದಿಯಾಗಿ ನಿಂತಿತು. ಇದರಿಂದ ಮೊದಲಿನವನು ದೊಡ್ಡವನು, ಎರಡನೆಯವರು ಚಿಕ್ಕವರು ಎಂದು ತೀರ್ಮಾನಿಸುವುದು ಅವಸರದ ವಿಮರ್ಶೆ. 1974ರಲ್ಲಿ ಕಡಲಾಳದ ಬುಗ್ಗೆಯ ಜೀವಲೋಕವನ್ನು ಯಾರೂ ಕಂಡಿರಲಿಲ್ಲ. ಐರ್ಲೆಂಡಿನ ಶಿಲೆ 35 ಕೋಟಿ ವರ್ಷದ್ದು, ಹೆಚ್ಚು ಬೇಯದೆ ಉಳಿದದ್ದು. ಚಿಮಣಿಯ ಕೊಳವೆ ಕೂಡ ಕೆಡದೆ ಸಿಕ್ಕಿತು. ಗಟ್ಟಿಹೊಸಹಳ್ಳಿಯದು ಅದರ ಎಂಟು ಪಟ್ಟಿಗೂ ಮಿಕ್ಕಿ ಹಳೆಯದು. ಮಡಿಸಿ, ಬೆಂದು, ಹರಳುಗಟ್ಟಿ ಮರುಹುಟ್ಟು ಪಡೆದದ್ದು. ಅಲ್ಲಿ ಚಿಮಣಿಯನ್ನು ಹುಡುಕುವುದು ಬೂದಿಯಲ್ಲಿ ಓಲೆಗರಿಯ ಅಕ್ಷರವನ್ನು ಹುಡುಕಿದಂತೆ. ಅಲ್ಲದೆ ಸಣ್ಣ ಟಿಪ್ಪಣಿಯ ಬಗ್ಗೆ ನಮಗೆ ತಾತ್ಸಾರ ಸಲ್ಲದು. ಕಬ್ಬಾಳದುರ್ಗದಲ್ಲಿ ನೈಸ್ ಶಿಲೆಯು ಚಾರ್ನೊಕೈಟಾಗಿ ಮಾರ್ಪಡುತ್ತಿರುವ ಸ್ಥಿತಿಯನ್ನು ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಲೋಕಕ್ಕೆ ತಿಳಿಸಿದುದೂ ಪುಟ್ಟ ಬರಹದಿಂದಲೇ. ಆ ಬೆಟ್ಟಕ್ಕೆ ಇಂದಿಗೂ ವಿದೇಶದ ವಿದ್ವಾಂಸರು ಯಾತ್ರೆ ಬರುತ್ತಾರೆ. ಕಂಡದ್ದನ್ನು ಕಂಡಷ್ಟೇ ಹೇಳಿ ನಿಲ್ಲಿಸುವ ಸಂಯಮ ಮೈಸೂರು ಪರಂಪರೆಯ ಗುಣ. ಊಹೆಯ ಮೋಹದಲ್ಲಿ ಸಾಕ್ಷ್ಯವನ್ನು ಹಿಗ್ಗಿಸುವವರ ನಡುವೆ ಅದು ಸಣ್ಣ ಗುಣವಲ್ಲ.

ಇಷ್ಟನ್ನು ಒಪ್ಪಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ; ಅದನ್ನು ಹೇಳದೆ ಬಿಡುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಾಗದು. 1977ರ ನಂತರ ಪ್ರಶ್ನೆ ಬದಲಾಯಿತು. ರಾಧಾಕೃಷ್ಣರ ಲೇಖನಿಗೆ ಆಮೇಲೆ ಮೂರು ದಶಕಗಳ ಚೈತನ್ಯವಿತ್ತು. ಆ ಚೈತನ್ಯದ ಬಹುಭಾಗ ಹರಿದದ್ದು ಸಂಪತ್ತಿನ ಕಡೆಗೆ: ಕಬ್ಬಿಣ, ಅಂತರ್ಜಲ, ಎಲ್ಲಕ್ಕಿಂತ ಹೆಚ್ಚಾಗಿ ಚಿನ್ನ. ಎಲ್. ಸಿ. ಕರ್ಟಿಸ್ ಜೊತೆಗೂಡಿ 1991ರಲ್ಲಿ ಅವರು ಹೊರತಂದ ಚಿನ್ನದ ಗ್ರಂಥ ತನ್ನ ಕ್ಷೇತ್ರದಲ್ಲಿ ಮಾನ್ಯವಾದುದು. ಚಿನ್ನವನ್ನು ಕರಗಿಸಿ ಹೊತ್ತು ತಂದು ಕಲ್ಲಿನ ಬಿರುಕಿನಲ್ಲಿ ಇಳಿಸಿದುದೂ ಬಿಸಿನೀರೇ ಎಂಬುದು ಈ ಪ್ರಸಂಗದ ವ್ಯಂಗ್ಯ. ಬಿಸಿನೀರು ಏನನ್ನು ತಂದಿತೆಂದು ಅಷ್ಟು ಶ್ರದ್ಧೆಯಿಂದ ಕೇಳಿದ ಪಂಡಿತರು, ಅದು ಏನನ್ನು ಹುಟ್ಟಿಸಿರಬಹುದೆಂದು ಕೇಳಲು ಅಷ್ಟೇ ಆಸಕ್ತಿ ತೋರಲಿಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳಿನ ತಾಮ್ರದ ಸಲ್ಫೈಡುಗಳು ಜ್ವಾಲಾಮುಖಿ ಶಿಲೆಗಳ ನಡುವೆ ಇವೆ. ಅದೇ ಸೀಮೆಯ ಮರಡಿಹಳ್ಳಿಯಲ್ಲಿ, ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ತಾಳುವ ದಿಂಬಿನ ಆಕಾರದ ಕಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ರಕ್ಷಿತವಾಗಿವೆ. ಕಡಲ ತಳ, ಲಾವಾ, ಸಲ್ಫೈಡು, ಮೂರೂ ಒಂದೇ ಜಿಲ್ಲೆಯಲ್ಲಿ. ಇಲಾಖೆಯ ಕಣ್ಣಿಗೆ ಮಾತ್ರ ಇಂಗಳದಾಳು ಮುಖ್ಯವಾಗಿ ತಾಮ್ರದ ಶೇಕಡಾವಾರು. ಈ ದೋಷ ಒಬ್ಬರದಲ್ಲ. ಭೂವಿಜ್ಞಾನವನ್ನು ಗಣಿಯ ಸೇವಕನನ್ನಾಗಿ ಸಾಕಿದ ವ್ಯವಸ್ಥೆಯದು. ಸಂಬಳ ಕೊಡುವ ಸರ್ಕಾರ ಅದಿರನ್ನು ಕೇಳಿತು, ಅದಿರನ್ನು ತೋರಿಸಿದರು. ಕೋಲಾರದ ಚಿನ್ನದ ಕಾಲದಲ್ಲಿ ಹುಟ್ಟಿದ ಇಲಾಖೆಗೆ ಬೇರೆ ಬಗೆಯ ಕಣ್ಣು ಮೂಡುವುದು ಕಷ್ಟವಾಗಿತ್ತು. ಆದರೂ ವ್ಯವಸ್ಥೆಯನ್ನು ಮೀರಿ ಒಂದು ಸಂಘವನ್ನೂ ಪತ್ರಿಕೆಯನ್ನೂ ಕಟ್ಟಿದವರಿಂದ, ವ್ಯವಸ್ಥೆಯ ಪ್ರಶ್ನೆಗಳನ್ನೂ ಮೀರಬೇಕೆಂದು ನಿರೀಕ್ಷಿಸುವುದು ಅನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಜೀವದ ಕುರುಹುಗಳನ್ನು ನೇರವಾಗಿ ಅರಸಿದ ಕೆಲಸ ಬಹುವಾಗಿ ಹೊರಗಿನಿಂದ ಬಂತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾಲಯದ ಎಸ್. ಎಂ. ನಖ್ವಿ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಸಂಡೂರು, ಶಿವಮೊಗ್ಗ, ಚಿತ್ರದುರ್ಗದ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳ ಹಾಸುಗಳಿಂದಾದ ಸ್ಟ್ರೊಮ್ಯಾಟೊಲೈಟ್ ಮೊದಲಾದ ಕುರುಹುಗಳನ್ನು ವರದಿ ಮಾಡಿದರು. ದೋಣಿಮಲೆಯ ಶಿಲೆಗಳಿಂದ ಸೂಕ್ಷ್ಮಜೀವಾವಶೇಷಗಳ ವರದಿ 1990ರಲ್ಲಿ ಬಂತು. ಇವೆಲ್ಲ ಜೀವ ಆಗಲೇ ನೆಲೆಗೊಂಡಿದ್ದುದರ ಗುರುತುಗಳು, ಅದರ ಹುಟ್ಟಿನವಲ್ಲ. ಹುಟ್ಟಿಗೆ ಹತ್ತಿರವಾದ ಕಾಲದ ಮಾತು ಆಡಬಲ್ಲುದು ಸರಗೂರು ವರ್ಗದ ಹಳೆಯ ತುಣುಕುಗಳು ಮಾತ್ರ. ಅವುಗಳೂ ಹುಟ್ಟಿಗೆ ಸಾಕಷ್ಟು ತಡವಾಗಿಯೇ ಬಂದ ಸಾಕ್ಷಿಗಳು.

2024ರ ಡಿಸೆಂಬರಿನಲ್ಲಿ ನಮ್ಮ ದೇಶದ ವಿಜ್ಞಾನಿಗಳು ಹಿಂದೂ ಮಹಾಸಾಗರದ ನಡುದಿಣ್ಣೆಯಲ್ಲಿ ಸುಮಾರು 4,500 ಮೀಟರ್ ಆಳದ ಸಜೀವ ಬುಗ್ಗೆಯೊಂದರ ಚಿತ್ರ ತೆಗೆದರು. 6,000 ಮೀಟರ್ ಆಳಕ್ಕೆ ಮೂವರನ್ನು ಇಳಿಸುವುದಕ್ಕೆಂದು ಮತ್ಸ್ಯ 6000 ಎಂಬ ನೌಕೆಯ ಕೆಲಸ ನಡೆದಿದೆ. ಇದು ಸಂತೋಷದ ವಿಷಯ. ಆದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಾಲೇಜುಗಳಲ್ಲಿ ಈ ಸುದ್ದಿಯನ್ನು ಓದುವ ವಿದ್ಯಾರ್ಥಿಗೆ, ತನ್ನ ಕಟ್ಟಡದ ಕೊಳವೆಬಾವಿ ಕೊರೆದದ್ದು ಲಾಲ್‌ಬಾಗಿನ ಬಂಡೆಯ ಜಾತಿಯ ನೈಸ್ ಶಿಲೆಯನ್ನೆಂದು ಯಾರೂ ಹೇಳುವುದಿಲ್ಲ. ಲಾಲ್‌ಬಾಗಿನ ಬಂಡೆ ಸ್ಮಾರಕವಾಗಿ ಉಳಿಯಿತು; ಊರ ಹೊರವಲಯದ ಅದರ ಬಂಧುಗಳು ಜಲ್ಲಿಯಾಗಿ ಕಾಂಕ್ರೀಟಿನೊಳಗೆ ಸೇರಿದವು. ಪೀಣ್ಯವನ್ನು ಹಾಯ್ದು ಹೋಗುವ ತುಮಕೂರು ರಸ್ತೆಯನ್ನೇ ಹಿಡಿದು ಸುಮಾರು 200 ಕಿಲೋಮೀಟರ್ ಹೋದರೆ ಚಿತ್ರದುರ್ಗ. ಮುಳುಗುನೌಕೆಯಿಲ್ಲದೆ, ಚಪ್ಪಲಿ ಕಾಲಿನಲ್ಲಿ, ಕಡಲ ತಳದ ಮೇಲೆ ನಡೆದಾಡಬಹುದು. ಪದವಿ ತರಗತಿಗಳ ಅಧ್ಯಯನ ಪ್ರವಾಸಗಳು ಕೋಟೆಯನ್ನು ನೋಡಿ ಹಿಂದಿರುಗುತ್ತವೆ. ರಾಧಾಕೃಷ್ಣರು ವೈದ್ಯನಾಥನ್ ಅವರೊಡನೆ ಬರೆದ ಕರ್ನಾಟಕ ಭೂವಿಜ್ಞಾನದ ಗ್ರಂಥವೂ, ಅವರ ಪತ್ರಿಕೆಯೂ ಇಂಗ್ಲಿಷಿನವು. ಕನ್ನಡದಲ್ಲಿ ಈ ಕಲ್ಲುಗಳನ್ನು ಓದಿಸುವ ಪುಸ್ತಕಗಳು ಇನ್ನೂ ಸಾಲದಾಗಿವೆ. ಅದರ ಹೊಣೆ ಅವರದಲ್ಲ, ನಮ್ಮ ವಿಭಾಗಗಳದು.

ಸಂಪಾದಕರಾಗಿ ಅವರು ಮಾಡಿದ ಕೆಲಸವನ್ನು ಲೇಖಕರಾಗಿ ಮಾಡಿದ್ದಕ್ಕಿಂತ ಕೆಳಗಿಡುವ ರೂಢಿಯಿದೆ. ಪ್ರಕೃತ ವಿಷಯದಲ್ಲಿ ಅದು ತಿರುವುಮುರುವಾಗಬೇಕು. ಬೇರೆಬೇರೆ ತೂಕದ ಗಂಧಕದ ಪರಮಾಣುಗಳಲ್ಲಿ ಹಗುರವಾದುದನ್ನು ಸೂಕ್ಷ್ಮಜೀವಿಗಳು ಆರಿಸಿಕೊಳ್ಳುತ್ತವೆ. ಆದುದರಿಂದ ಅವುಗಳ ಪ್ರಮಾಣವನ್ನು ಅಳೆದರೆ, ಒಂದು ಖನಿಜದ ಹಿಂದೆ ಜೀವದ ಕೈ ಇತ್ತೇ ಎಂದು ಊಹಿಸಲು ದಾರಿಯಾಗುತ್ತದೆ. ವಾಷಿಂಗ್‌ಟನ್ನಿನ ಭೂಭೌತ ಪ್ರಯೋಗಶಾಲೆಯ ಟಿ. ಸಿ. ಹೋರಿಂಗ್ ದಕ್ಷಿಣ ಭಾರತದ ಅತಿ ಪ್ರಾಚೀನವಾದ ಪದರಬೆರೈಟುಗಳ ಮೇಲೆ ಇಂಥ ಅಳತೆಗಳನ್ನು ಮಾಡಿದನು. ಎರಡು ಪುಟದ ಟಿಪ್ಪಣಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಹದಿನೈದು ವರ್ಷಗಳ ನಂತರ ಮತ್ತೊಬ್ಬನು ಕೇಳಿದ್ದನು. ಆ ಬರಹ 1989ರಲ್ಲಿ ಅಚ್ಚಾದುದು ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ. ಆಗ ಅದರ ಸಂಪಾದಕರು ರಾಧಾಕೃಷ್ಣರು.